ದೇವೀರಮ್ಮನ ಸರದಿ

ನಮ್ಮ ಊರಿನಲ್ಲಿ ಯಾರಾದರೂ ಕೇಳುತ್ತಿದ್ದರೆ ಮಾತ್ರ ಹಾಡಿಗೆ ದನಿ ಬರುತ್ತದೆ. ಸುಮ್ಮನೆ ಎದುರಿಗೆ ಕೂತರೆ ಸಾಲದು, ಮನಸ್ಸಿಟ್ಟು ಕೇಳಬೇಕು. ಕೇಳುವವರ ಮನಸ್ಸು ಒಲೆಯ ಮೇಲಿಟ್ಟು ಬಂದ ಹಾಲಿನ ಕಡೆ ಹೋಯಿತೋ, ಹಾಡು ಅಲ್ಲಿಗೇ ನಿಂತಿತು. ಹಾಡುವವರ ಬಾಯಿ ಆಮೇಲೂ ನೀರಿನಿಂದ ತೆಗೆದ ಮೀನಿನ ಹಾಗೆ ಆಡುತ್ತಲೇ ಇರುತ್ತದೆ, ದನಿ ಮಾತ್ರ ಇಲ್ಲ. ತನ್ನ ಹಾಡನ್ನು ತಾನೇ ಕೇಳಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ. ತಮಟೆಗೂ ಹಾರ್ಮೋನಿಯಮ್ಮಿಗೂ ಇದೇ ಕಟ್ಟಳೆ. ಮಾತಿಗೆ ಈ ಕಟ್ಟಳೆ ಇಲ್ಲ, ಅದೊಂದು ಪುಣ್ಯ. ಇದ್ದಿದ್ದರೆ ಜವರಯ್ಯ ಹುಟ್ಟುಮೂಗ ಎಂದೇ ಊರು ನನ್ನನ್ನು ತಿಳಿದುಕೊಂಡಿರುತ್ತಿತ್ತು.

ಹೀಗಾಗಿ ನಮ್ಮಲ್ಲಿ ಬಚ್ಚಲುಮನೆಯಲ್ಲಿ ಯಾರೂ ಹಾಡುವುದಿಲ್ಲ. ಮಕ್ಕಳನ್ನು ಮಲಗಿಸುವುದು ಬಲು ಸಲೀಸು. ಮಗುವಿನಷ್ಟು ಚೆನ್ನಾಗಿ ಕೇಳುವವರು ಬೇರೆ ಇಲ್ಲ, ಆದ್ದರಿಂದ ಜೋಗುಳ ಗಂಟೆ ಹೊಡೆದ ಹಾಗೆ ಹೊರಡುತ್ತದೆ. ಯಾವ ಗಳಿಗೆಯಲ್ಲಿ ದನಿ ನಿಂತಿತೋ ಆ ಗಳಿಗೆಯಲ್ಲಿ ಮಗು ಮಲಗಿತೆಂದು ತಾಯಿ ಎದ್ದು ಪಾತ್ರೆ ತಿಕ್ಕಲು ಹೋಗುತ್ತಾಳೆ. ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳಮ್ಮ ಅಂದರೆ ಹುಡುಗಿಯ ಮನೆಯವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಾರೆ. ದನಿ ಬಂದರೆ ಹುಡುಗ ಕೇಳುತ್ತಿದ್ದಾನೆ ಎಂದರ್ಥ, ಮಾತುಕತೆ ಮುಂದುವರಿಯುತ್ತದೆ. ಬರದಿದ್ದರೆ ಉಪ್ಪಿಟ್ಟು ಕೊಟ್ಟು ಕಳಿಸುತ್ತಾರೆ. ಹತ್ತಿ ಹಾಕಿಕೊಂಡ ಮೇಲೆ ದನಿ ಬಂದದ್ದು ಅವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಬೇಡಿ. ಒಬ್ಬ ಸೋದರಮಾವ ಹತ್ತಿಯನ್ನು ಸ್ವಲ್ಪ ಸಡಿಲ ಮಾಡಿಕೊಂಡೇ ಇರುತ್ತಾನೆ.

ಸುಗ್ಗಿ ಮುಗಿದ ಎರಡನೇ ಭಾನುವಾರ ನಮ್ಮಲ್ಲಿ ಬಾಯ್ಬಿಡುವ ಹಬ್ಬ. ಅವತ್ತು ಯಾರು ಬೇಕಾದರೂ ಎಲ್ಲಿ ಬೇಕಾದರೂ ನಿಂತು ಹಾಡಬಹುದು. ಬಸ್ ನಿಲ್ದಾಣ, ರೇಷನ್ ಡಿಪೋ ಜಗುಲಿ, ಕಚೇರಿ ಮೆಟ್ಟಿಲು, ಮಟನ್ ಅಂಗಡಿಯ ಮುಂದಿನ ಮೋರಿ ಚಪ್ಪಡಿ, ಎಲ್ಲವೂ ಹಾಡುವವರದೇ. ವೇದಿಕೆ ಇಲ್ಲ, ಮೈಕಿಲ್ಲ, ಬಹುಮಾನವೂ ಇಲ್ಲ. ಇದು ಸರಿ, ಊರಿಗೆ ಊರೇ ಹಾಡಲು ನಿಂತರೆ ಕೇಳುವವರು ಯಾರು ಎಂದು ಹೊರಗಿನವರು ಕೇಳುತ್ತಾರೆ. ಕೇಳುವವಳು ನನ್ನ ಹೆಂಡತಿ ದೇವೀರಮ್ಮ.

ಅವಳು ಮುತ್ತುಗದ ಎಲೆ ಹಚ್ಚುವವಳು. ಮದುವೆ ಮುಂಜಿಗೆಲ್ಲ ಊಟದ ಎಲೆ ಅವಳದೇ. ಕೈಗೆ ಕೆಲಸ, ಕಿವಿಗೆ ಬಿಡುವು. ಮೂವತ್ತು ವರ್ಷದಿಂದ ಹಬ್ಬದ ಬೆಳಿಗ್ಗೆ ನೀರಿನ ಟ್ಯಾಂಕಿನ ಕೆಳಗೆ ಎಲೆಬುಟ್ಟಿ ಇಟ್ಟುಕೊಂಡು ಕೂತಳೆಂದರೆ ಸಂಜೆಯ ತನಕ ಏಳುತ್ತಿರಲಿಲ್ಲ. ಮೊದಮೊದಲು ಜನ ಅಲ್ಲಿ ಇಲ್ಲಿ ನಿಂತು, ಬೀದಿಯಲ್ಲಿ ಹೋಗುವವರನ್ನು ತೋಳು ಹಿಡಿದು ನಿಲ್ಲಿಸಿ ಹಾಡುತ್ತಿದ್ದರು. ಇವಳ ಮುಂದೆ ನಿಂತರೆ ದನಿ ಎಷ್ಟು ದುಂಡಗೆ ಬರುತ್ತದೆ ಎಂಬುದು ಗೊತ್ತಾದ ಮೇಲೆ ಎಲ್ಲರೂ ಟ್ಯಾಂಕಿನ ಹತ್ತಿರವೇ ಸಾಲು ನಿಲ್ಲತೊಡಗಿದರು. ಒಂದು ವರ್ಷ ಮಟನ್ ಅಂಗಡಿ ಇಸ್ಮಾಯಿಲ್ ಸಾಬರು ಅವಳ ಮುಂದೆ ಹಾಡಿದಾಗ ದನಿ ಪಕ್ಕದ ಊರಿನ ಕೆರೆಯ ತನಕ ಹೋಗಿ, ಅಲ್ಲಿಯ ಬಾತುಕೋಳಿಗಳು ಈಜುವುದನ್ನು ಬಿಟ್ಟು ದಡಕ್ಕೆ ಬಂದು ಸಾಲಾಗಿ ಕೂತವು. ನಾನು ಕಣ್ಣಾರೆ ಕಂಡವನಲ್ಲ, ಕಂಡವರಿಗೆ ಛತ್ರಿ ರಿಪೇರಿ ಮಾಡಿಕೊಟ್ಟವನು.

ಗವಿಯಪ್ಪನ ಹಾಡಿಗೂ ಅವಳು ದನಿ ಕೊಟ್ಟಿದ್ದಳು ಎಂದರೆ ನಮ್ಮ ಊರಿನವರಿಗೆ ಮುಂದೆ ಏನೂ ಹೇಳಬೇಕಿಲ್ಲ. ಗವಿಯಪ್ಪ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ದೇವರ ನಾಮ ಹಾಡಿದರೂ ಮುಂದಿನ ಸ್ಟಾಪು ಕೂಗಿದ ಹಾಗೆ ಇರುತ್ತದೆ. ಅವನ ಮನೆಯವರೇ ಅವನ ಹಾಡು ಕೇಳುವುದಿಲ್ಲ, ಆದ್ದರಿಂದ ವರ್ಷದ ಉಳಿದೆಲ್ಲ ದಿನ ಅವನಿಗೆ ದನಿಯೇ ಇಲ್ಲ. ಹಬ್ಬದ ದಿನ ದೇವೀರಮ್ಮ ಅವನ ಆರು ಹಾಡನ್ನೂ ಕೂತು ಕೇಳುತ್ತಿದ್ದಳು. ಅವನು ಅಳುತ್ತಾ ಮನೆಗೆ ಹೋಗುತ್ತಿದ್ದ, ಸಂತೋಷಕ್ಕೆ.

ಇನ್ನು ನಾನು. ಬಸ್ ನಿಲ್ದಾಣದ ಎದುರು ಛತ್ರಿ, ಟಾರ್ಚು, ಸ್ಟವ್ ರಿಪೇರಿ ಮಾಡುತ್ತೇನೆ. ಒಂದು ಛತ್ರಿ ಕಡ್ಡಿ ಕೂರಿಸುವುದರೊಳಗೆ ಎರಡು ಕಥೆ ಹೇಳುತ್ತೇನೆ, ಗಿರಾಕಿ ರಿಪೇರಿಯಾದ ಮೇಲೂ ಕೂತಿರುತ್ತಾನೆ. ಸಂಜೆ ಮನೆಗೆ ಹೋದ ಮೇಲೆ ಅದೇ ಕಥೆಗಳನ್ನು ಇನ್ನಷ್ಟು ಬೆಳೆಸಿ ದೇವೀರಮ್ಮನಿಗೆ ಹೇಳುತ್ತೇನೆ. ಅವಳು ಎಲೆ ಹಚ್ಚುತ್ತಾ ಹೂಂ ಅನ್ನುತ್ತಾಳೆ. ನಮಗೆ ಮಕ್ಕಳಾಗಲಿಲ್ಲ. ಮನೆ ತುಂಬ ನನ್ನ ಮಾತೇ ತುಂಬಿರುತ್ತಿತ್ತು, ಕೊರತೆ ಎಂದು ನನಗೆ ಅನ್ನಿಸಿದ್ದೇ ಇಲ್ಲ.

ಈ ಸಲ ಹಬ್ಬಕ್ಕೆ ಹದಿನೈದು ದಿನ ಇದೆ ಎನ್ನುವಾಗ ತೊಂದರೆ ಶುರುವಾಯಿತು. ಹಬ್ಬಕ್ಕೆ ಮುಂಚೆ ಒಬ್ಬೊಬ್ಬರಾಗಿ ನಮ್ಮ ಹಿತ್ತಿಲಿಗೆ ಬಂದು ದೇವೀರಮ್ಮನ ಮುಂದೆ ಹಾಡಿ ಅಭ್ಯಾಸ ಮಾಡಿಕೊಳ್ಳುವುದು ವಾಡಿಕೆ. ಮೊದಲು ಬಂದವನು ಗವಿಯಪ್ಪ. ಬಾಯಿ ತೆರೆದ, ದನಿ ಇಲ್ಲ. ದೇವೀರಮ್ಮ ಎಂದಿನಂತೆ ತಲೆದೂಗುತ್ತಾ, ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದಳು. ಅವಳು ಕೇಳುತ್ತಿದ್ದಾಳೆ ಎಂದ ಮೇಲೆ ತಪ್ಪು ತನ್ನ ಗಂಟಲಿನದೇ ಎಂದುಕೊಂಡು ಗವಿಯಪ್ಪ ಮೆಣಸು ಅಗಿಯುತ್ತಾ ಹೋದ. ಮಾರನೆಯ ದಿನ ಶಾಲೆಯ ಲಲಿತಾಮಣಿ ಟೀಚರು ಬಂದರು. ಹಬ್ಬದ ಉಸ್ತುವಾರಿ ಅವರದೇ. ಅವರಿಗೂ ದನಿ ಇಲ್ಲ. ಆಮೇಲೆ ಇಸ್ಮಾಯಿಲ್ ಸಾಬರಿಗೂ ಇಲ್ಲ.

ಊರಿನಲ್ಲಿ ಗಾಬರಿ ಬಿತ್ತು. ಟೀಚರು ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಟ್ಯಾಂಕಿನ ನೀರಿಗೆ ಬ್ಲೀಚಿಂಗ್ ಪೌಡರ್ ಹೆಚ್ಚು ಹಾಕಿ ಊರಿನ ಗಂಟಲನ್ನೇ ಕೆಡಿಸಿದ್ದಾರೆ ಎಂದು ಒಬ್ಬರು ಅಂದರು. ಈ ವರ್ಷದ ಹುಣಸೆಹಣ್ಣು ಅತಿ ಹುಳಿ, ಅದರದೇ ಕೆಲಸ ಎಂದು ಇನ್ನೊಬ್ಬರು. ಮಾರನೆಯ ದಿನದಿಂದ ಊರಿಗೆ ಊರೇ ಶುಂಠಿ ಕಷಾಯ ಕುಡಿಯಿತು, ಉಪ್ಪುನೀರು ಮುಕ್ಕಳಿಸಿತು. ಬೆಳಿಗ್ಗೆ ಆರಕ್ಕೆ ಮನೆಮನೆಯಿಂದ ಮುಕ್ಕಳಿಸುವ ಸದ್ದು ಕೇಳಿ ಬಸ್ಸಿನವನು ಕೆರೆ ಕೋಡಿ ಬಿದ್ದಿದೆ ಎಂದುಕೊಂಡು ಗಾಡಿಯನ್ನು ಊರಾಚೆಯೇ ನಿಲ್ಲಿಸಿದ. ಬೇರೆ ಯಾರಾದರೂ ಕೇಳಿ ನೋಡೋಣ ಎಂದು ಟೀಚರು ಹೇಳಿದ್ದೂ ಉಂಟು. ಕೇಳಲು ಕೂತವರೆಲ್ಲ ಮುಂದಿನ ಸರದಿ ತಮ್ಮದೇ ಎಂದು ಒಳಗೊಳಗೇ ತಮ್ಮ ಹಾಡನ್ನೇ ಉರು ಹೊಡೆಯುತ್ತಿದ್ದರು. ಮೂವತ್ತು ವರ್ಷದಲ್ಲಿ ಕೇಳುವ ಕೆಲಸವನ್ನೆಲ್ಲ ಒಬ್ಬಳ ಮೇಲೆ ಹಾಕಿ, ಅದನ್ನು ಮಾಡುವುದು ಹೇಗೆಂಬುದೇ ಊರಿಗೆ ಮರೆತುಹೋಗಿತ್ತು. ದೇವೀರಮ್ಮನ ಕಿವಿಯ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಟ್ಯಾಂಕಿನ ಬಗ್ಗೆ ಬಂತು, ಹುಣಸೆಹಣ್ಣಿನ ಬಗ್ಗೆ ಬಂತು.

ನನಗೂ ಬರಲಿಲ್ಲ. ನನಗೆ ಗೊತ್ತಾದದ್ದು ಅವಳ ಮೇಲಿನ ನಿಗಾದಿಂದಲ್ಲ, ನನ್ನ ಜಂಬಕ್ಕೆ ಪೆಟ್ಟು ಬಿದ್ದದ್ದರಿಂದ. ಒಂದು ಸಂಜೆ ಹಿತ್ತಿಲಲ್ಲಿ ಅವಳು ಎಲೆ ಹಚ್ಚುತ್ತಿದ್ದಳು, ನಾನು ನನ್ನ ತಾತನ ಎತ್ತಿನ ಕಥೆ ಹೇಳುತ್ತಿದ್ದೆ. ತುಂಬಿದ ಹೊಳೆಯಲ್ಲಿ ಇಡೀ ದಿಬ್ಬಣವನ್ನು ಬೆನ್ನ ಮೇಲೆ ದಾಟಿಸಿ, ಕೊನೆಗೆ ದಡಕ್ಕೆ ಬಂದು ಪ್ರಾಣ ಬಿಟ್ಟ ಎತ್ತು. ನಲವತ್ತು ಸಲ ಹೇಳಿದ್ದೇನೆ, ಎತ್ತು ಕಣ್ಣು ಮುಚ್ಚುವ ಕಡೆ ಅವಳು ನಲವತ್ತು ಸಲವೂ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಾಳೆ. ಅವತ್ತು ನಕ್ಕಳು. ಎತ್ತು ಸತ್ತರೆ ನಿನಗೆ ನಗುವೇ ಅಂದೆ. ಹೂಂ ಅಂದಳು. ನಿನ್ನ ತಲೆ ನೆಟ್ಟಗಿದೆಯೇ ಅಂದೆ. ಅದಕ್ಕೂ ಹೂಂ. ನಾನು ಎದ್ದು ಅವಳ ಹಿಂದೆ ಹೋಗಿ ಹಿತ್ತಾಳೆ ತಟ್ಟೆಯನ್ನು ಕಲ್ಲಿನ ಮೇಲೆ ಬೀಳಿಸಿದೆ. ಕೋಳಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ದೇವೀರಮ್ಮ ಕಡ್ಡಿ ಮುರಿದು ಇನ್ನೊಂದು ಎಲೆಗೆ ಚುಚ್ಚಿದಳು.

ನಾನು ಮುಂದೆ ಬಂದು ಅವಳೆದುರು ಕುಕ್ಕುರುಗಾಲಲ್ಲಿ ಕೂತೆ. ಯಾವಾಗಿನಿಂದ ಎಂದು ಕೇಳಿದೆ. ಅವಳು ನನ್ನ ತುಟಿಯನ್ನು ನೋಡಿದಳು, ಆಮೇಲೆ ಎಡಗಿವಿಯನ್ನು ನನ್ನ ಕಡೆ ತಿರುಗಿಸಿದಳು. ನಾನು ಅದರ ಹತ್ತಿರ ಬಾಯಿಟ್ಟು ಕೂಗಿ ಕೇಳಿದೆ.

"ಹೋದ್ ಕಾರ್ತೀಕದಿಂದ," ಅಂದಳು. "ಬಲಗಡೆದು ಮೊದ್ಲು ಹೋಯ್ತು. ಎಡಗಡೆ ಹಿಂಗೆ ಹತ್ರ ಬಂದು ಕೂಗಿದ್ರೆ ಒಂಚೂರು ಕೇಳ್ಸುತ್ತೆ. ಅದೂ ಹೊರಟಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಮೂರ್ ಸಲ ಹೇಳ್ದೆ ಕಣ್ರೀ. ನೀವು ಆನೆ ಕತೆ ಹೇಳ್ತಿದ್ರಿ."

ಸಂಕ್ರಾಂತಿ ಕಳೆದ ಮೇಲೆ ಪೇಟೆಯ ಡಾಕ್ಟರ ಹತ್ತಿರವೂ ಒಬ್ಬಳೇ ಹೋಗಿ ಬಂದಿದ್ದಳಂತೆ. ನರ ಒಣಗಿದೆ ಎಂದರಂತೆ. ಕಿವಿಗೆ ಮಿಷನ್ ಹಾಕಿ ನೋಡಿದರಂತೆ, ದುಂಬಿ ಗುಂಯ್‌ಗುಟ್ಟಿದ ಹಾಗೆ ಒಂದು ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲವಂತೆ. ಅದನ್ನೂ ನನಗೆ ಹೇಳಿದ್ದಳಂತೆ. ನನ್ನ ಬಾಯಿಗೆ ಬಂದ ಕಥೆಯೊಂದೂ ಆ ಹೊತ್ತಿಗೆ ಹೊಂದಲಿಲ್ಲ. ಕೊನೆಗೆ ಊರಿನವರಿಗೆ ಹೇಳಿಬಿಡೋಣ, ಪಾಪ ಮುಕ್ಕಳಿಸಿ ಮುಕ್ಕಳಿಸಿ ಸಾಯುತ್ತಿದ್ದಾರೆ ಎಂದು ಕೂಗಿದೆ.

"ಹಬ್ಬದ್ ದಿವ್ಸ ನಾನೇ ಹೇಳ್ತೀನಿ," ಅಂದಳು. "ಹೇಳೋಕ್ ಮುಂಚೆ ಒಂದ್ಸಲ ನಾನ್ ಹಾಡ್ಬೇಕು. ಬೀದೀಲಿ ನಿಂತು. ಚಿಕ್ಕೋಳಿದ್ದಾಗ ಅವ್ವ ಕೇಳ್ತಿದ್ಲು, ಅವ್ವನ್ ಬಿಟ್ ಬಂದ್ಮೇಲೆ ನನ್ ಹಾಡು ನಂಗೇ ಕೇಳಿಲ್ಲ. ಎಡಗಿವೀನೂ ಹೋದ್ರೆ ರಾಗ ಮರ್ತೋಗ್ತದೆ. ಅಷ್ಟ್ರೊಳಗೆ ಒಂದ್ಸಲ."

ಅದಕ್ಕೇನು, ಟೀಚರಿಗೆ ಹೇಳುತ್ತೇನೆ, ಕೇಳಲು ಯಾರನ್ನಾದರೂ ಕೂರಿಸುತ್ತಾರೆ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಟೀಚರಲ್ಲ. ನೀವು ಕೇಳ್ಬೇಕು."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ನಮ್ಮ ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದದ್ದು ನೆನಪಿದೆಯೇ ಎಂದು ಕೇಳಿದಳು. ಚೆನ್ನಾಗಿ ನೆನಪಿತ್ತು. ದಾರಿಯಲ್ಲಿ ಗಾಡಿಯ ಚಕ್ರ ಕಳಚಿ, ಅದು ನಮಗಿಂತ ಮುಂಚೆ ಉರುಳಿಕೊಂಡು ಅವರ ಮನೆಯ ಬಾಗಿಲಿಗೆ ಹೋಗಿ ನಿಂತಿತ್ತು, ಅದನ್ನೇ ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವಳು ಹಾಡಿದ್ದು ಮಾತ್ರ ನೆನಪಿರಲಿಲ್ಲ. ಹಾಡಿದ್ದಳಂತೆ, ಪೂರ್ತಿ ಐದು ನುಡಿ. ಒಂದಕ್ಷರ ದನಿ ಬರಲಿಲ್ಲ. ಈ ಗಂಡು ಬೇಡ ಎಂದು ಅವಳ ಅಪ್ಪ ಒಳಗೆ ಹೋಗಿ ಹೇಳಿದ್ದನಂತೆ.

"ಮತ್ಯಾಕೆ ಒಪ್ಕಂಡೆ?"

"ಚಕ್ರದ್ ಕತೆ ಚೆನ್ನಾಗಿತ್ತು," ಅಂದಳು ದೇವೀರಮ್ಮ.

ಮಾರನೆಯ ದಿನದಿಂದ ನಾನು ಕೇಳುವುದನ್ನು ಕಲಿಯಲು ಹೊರಟೆ. ನನ್ನ ಮುಂದೆ ಹಾಡು ಎಂದರೆ ಅವಳು ಮನೆಯಲ್ಲಿ ಬೇಡ, ಬೀದಿಯಲ್ಲೇ ಎಂದು ಕೂತುಬಿಟ್ಟಳು. ಅದಕ್ಕೇ ಗವಿಯಪ್ಪನನ್ನು ಹಿಡಿದೆ. ನಿನ್ನ ಗಂಟಲು ಪರೀಕ್ಷೆ ಮಾಡೋಣ ಬಾ ಎಂದು ಸುಳ್ಳು ಹೇಳಿ ಅಂಗಡಿಯ ಹಿಂದೆ ಕೂರಿಸಿಕೊಂಡೆ. ಮೊದಲ ದಿನ ಅವನು ಬಾಯಿ ತೆರೆದ, ನಾನು ಕಣ್ಣು ಮುಚ್ಚಿ ಕಿವಿಗೊಟ್ಟೆ. ಅರ್ಧ ಸಾಲು ದನಿ ಬಂತು. ಅಷ್ಟರಲ್ಲಿ ಇವನ ದನಿ ಕಟ್ಟಿಕೊಂಡ ಸೀಮೆಎಣ್ಣೆ ಸ್ಟವ್ವಿನ ಹಾಗಿದೆಯಲ್ಲ, ಪಿನ್ನು ಹಾಕಿದರೆ ಸರಿಹೋದೀತೇ ಎಂದು ಯೋಚನೆ ಬಂತು. ಹಾಡು ಕತ್ತರಿಸಿದ ಹಾಗೆ ನಿಂತಿತು. ಗವಿಯಪ್ಪನಿಗೆ ಮಾತ್ರ ಅರ್ಧ ಸಾಲು ಬಂದದ್ದಕ್ಕೇ ಹಿಡಿಸಲಾರದ ಸಂತೋಷ. ಮೆಣಸನ್ನು ಇನ್ನೂ ನಾಲ್ಕು ಕಾಳು ಹೆಚ್ಚಿಸಿದ.

ಎರಡನೆಯ ದಿನ ಒಂದು ಸಾಲು. ನಾಲ್ಕನೆಯ ದಿನ ಎರಡು. ಬಾಯಿ ಸುಮ್ಮನಿದ್ದರೆ ಕಿವಿ ತೆರೆದೀತೆಂದು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಕೂತೆ. ಬಾಯಿ ಸುಮ್ಮನಾಯಿತು, ಒಳಗಿನ ಮಾತು ನಿಲ್ಲಲಿಲ್ಲ. ಅದಕ್ಕೆ ಎಲೆಅಡಿಕೆ ತುರುಕುವುದು ಹೇಗೆ. ಆರನೆಯ ದಿನ ಹಾಡು ನಡುವೆ ಮೂರು ಸಲ ಸತ್ತು ಬದುಕಿದ ಮೇಲೆ ಗವಿಯಪ್ಪ ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. ಮೂವತ್ತೈದು ವರ್ಷ ಬಸ್ಸಿನಲ್ಲಿ ಟಿಕೆಟ್ ತೆಗೆಯದವರ ಮುಖ ಓದಿದವನು ಅವನು.

"ನನ್ ಗಂಟಲಲ್ಲ ಕಣಯ್ಯ ಕೆಟ್ಟಿರೋದು," ಅಂದ. "ನೀನು ಕೇಳ್ತಾ ಇಲ್ಲ. ಎಲ್ಲಿ ಬಾಯಿ ಹಾಕಣ ಅಂತ ಜಾಗ ಹುಡುಕ್ತಾ ಕೂತಿದ್ದೀಯ. ಬಸ್ ನಿಲ್ಲೋಕ್ ಮುಂಚೆ ಕಿಟಕೀಲಿ ಟವಲ್ ಹಾಕಿ ಸೀಟ್ ಹಿಡಿಯೋರಿಲ್ವಾ, ಹಂಗೆ."

ನನಗೆ ರೇಗಿತು. ಅವನ ಮಾತು ನಿಜವಾಗಿದ್ದುದರಿಂದ ಇನ್ನೂ ರೇಗಿತು. ಹೆಂಡತಿಯ ವಿಷಯ ಹೇಳುವ ಹಾಗಿರಲಿಲ್ಲ, ಆದ್ದರಿಂದ ನಿನ್ನ ಹಾಡು ಕೇಳುವುದಕ್ಕಿಂತ ಡೀಸೆಲ್ ಬಸ್ಸಿನ ಸೈಲೆನ್ಸರಿಗೆ ಕಿವಿ ಇಡುವುದು ವಾಸಿ ಎಂದು ಎದ್ದು ಬಂದೆ. ಹಬ್ಬಕ್ಕೆ ಆಗ ನಾಲ್ಕು ದಿನ. ಮಾರನೆಯ ದಿನ ಬೆಳಿಗ್ಗೆ ದೇವೀರಮ್ಮನ ಎಡಗಿವಿಯ ಹತ್ತಿರ ಹೋಗಿ ಕಾಫಿ ಆಯಿತೇ ಎಂದು ಕೂಗಿದೆ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ನನ್ನ ಉಸಿರು ತಗುಲಿ ಕಿವಿಯ ಹತ್ತಿರದ ಕೂದಲು ಅಲುಗಿತು, ಆಗ ತಿರುಗಿ ಏನು ಎಂದು ಹುಬ್ಬು ಹಾರಿಸಿದಳು. ನಾನು ಸುಮ್ಮನೆ ಲೋಟ ತೋರಿಸಿದೆ.

ಅವತ್ತಿನಿಂದ ಅವಳು ಎಲೆ ಹಚ್ಚುವಾಗ ತುಟಿ ಅಲುಗುತ್ತಿತ್ತು. ರಾಗ ಮರೆಯದಿರಲಿ ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳೋ ಏನೋ. ನಡುವೆ ತಡೆದು, ಹುಬ್ಬು ಗಂಟು ಹಾಕಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಒಂದು ಸಲ ಹಾಗೆ ತಡೆದವಳು ಬಹಳ ಹೊತ್ತು ಮುಂದಕ್ಕೆ ಹೋಗಲಿಲ್ಲ. ಕೈಯಲ್ಲಿ ಕಡ್ಡಿ ಹಿಡಿದುಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾಲು ಗಂಟೆಯಾದ ಮೇಲೆ ಮತ್ತೆ ತುಟಿ ಅಲುಗಿದಾಗ ನನಗೇ ಉಸಿರು ಬಂದಂತಾಯಿತು.

ಹಬ್ಬದ ದಿನ ಬೆಳಿಗ್ಗೆ ಬಿಸಿಲು ಇನ್ನೂ ಎಳೆಯದಾಗಿತ್ತು. ದೇವೀರಮ್ಮ ಗಂಜಿ ಹಾಕಿದ ನೀಲಿ ಸೀರೆ ಉಟ್ಟಿದ್ದಳು, ಎಲೆಬುಟ್ಟಿ ತಂದಿರಲಿಲ್ಲ. ಟ್ಯಾಂಕಿನ ಕೆಳಗೆ ಆಗಲೇ ಸಾಲು. ಜನರೆಲ್ಲ ಕತ್ತಿಗೆ ಮಫ್ಲರ್ ಸುತ್ತಿದ್ದರು, ಬಾಯಲ್ಲಿ ಶುಂಠಿಯೋ ಮೆಣಸೋ ಇಟ್ಟುಕೊಂಡಿದ್ದರು. ಇವತ್ತಾದರೂ ದನಿ ಬರುತ್ತದೆಯೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ದೇವೀರಮ್ಮ ಹೋಗಿ ತಾನು ಕೂರುವ ಜಾಗದಲ್ಲಿ ಕೂರದೆ, ಹಾಡುವವರು ನಿಲ್ಲುವ ಜಾಗದಲ್ಲಿ ನಿಂತಳು. ಟೀಚರು ಓಡಿ ಬಂದು ದೇವೀರಕ್ಕ ಕೂತ್ಕೊಳ್ಳಿ, ಹೊತ್ತಾಯ್ತು ಎಂದರು. ಅವಳು ಅವರ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಕಡೆ ನೋಡಿದಳು. ನಾನು ಅವಳ ಮುಂದೆ ರಸ್ತೆಯ ಮಣ್ಣಿನಲ್ಲೇ ಕೂತೆ. ಅವಳು ಬಾಯಿ ತೆರೆದಳು.

ದನಿ ಇಲ್ಲ.

ನಾನು ಕೇಳುತ್ತಿದ್ದೆ, ಅಂದರೆ ಕೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆಯಲ್ಲ, ಒಂದು ಛತ್ರಿ ತರಬೇಕಿತ್ತು ಅನ್ನಿಸಿತು. ಜನ ಏನೆಂದುಕೊಳ್ಳುತ್ತಾರೋ ಅನ್ನಿಸಿತು. ಅಷ್ಟರಲ್ಲಿ ಒಳಗೆ ಕಥೆಯೊಂದು ಹೆಣೆದುಕೊಳ್ಳಲು ಶುರುವಾಯಿತು. ನನ್ನ ಹೆಂಡತಿ ಬಾಯಿ ತೆರೆದ ದಿನ ಟ್ಯಾಂಕಿನ ನೀರು ತಾನಾಗಿ ಉಕ್ಕಿ ಊರ ಬೀದಿಯಲ್ಲೆಲ್ಲ ಹರಿಯಿತು, ಆ ನೀರು ಕುಡಿದ ಹಸುಗಳು ಮೂರು ದಿನ ರಾಗವಾಗಿ ಅಂಬಾ ಅಂದವು. ನಾಳೆ ಅಂಗಡಿಯಲ್ಲಿ ಹೇಳಲು ಎಷ್ಟು ಚೆನ್ನಾಗಿದೆ. ದೇವೀರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ದನಿ ಬರುತ್ತಿದೆಯೋ ಇಲ್ಲವೋ ತಿಳಿಯಲು ಅವಳಿಗೆ ನನ್ನ ಮುಖವೊಂದೇ ಗತಿ. ನಾನು ಒಳಗೆ ಕಥೆ ಕಟ್ಟುವಾಗ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಬಂತು, ಬೇಜಾರಿನ ನಗುವಲ್ಲ, ಗೊತ್ತಿತ್ತು ಬಿಡಿ ಅನ್ನುವಂಥದ್ದು. ಆದರೆ ಹಾಡುವುದನ್ನು ನಿಲ್ಲಿಸಲಿಲ್ಲ.

ಆ ತುಟಿಯನ್ನು ನೋಡುತ್ತಿದ್ದವನಿಗೆ ಅದು ಒಂದು ಮಾತನ್ನು ಆಡಿದ್ದು ಕಂಡಿತು. ರೈಲು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ರೈಲು. ನಮ್ಮ ಊರಿಗೆ ರೈಲಿಲ್ಲ, ಅವಳ ತವರಿಗೂ ಇಲ್ಲ. ನಾನೇ ರೈಲು ಕಂಡವನಲ್ಲ, ಕಂಡ ಹಾಗೆ ಕಥೆ ಹೇಳಿದ್ದೇನೆ ಅಷ್ಟೆ. ಇವಳು ಎಲ್ಲಿ ನೋಡಿದಳು? ಯಾವಾಗ ನೋಡಿದಳು? ಅವಳು ಮುಂದೆ ಏನು ಹೇಳುತ್ತಾಳೆ ಎಂಬುದು ನನಗೆ ಗೊತ್ತಿಲ್ಲ ಎಂದು ಮೂವತ್ತು ವರ್ಷದಲ್ಲಿ ಮೊದಲ ಸಲ ಹೊಳೆಯಿತು. ಟ್ಯಾಂಕು, ಹಸು ಎಲ್ಲ ಎಲ್ಲಿಗೆ ಹೋದವೋ. ನಾನು ಮಂಡಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿದೆ.

ದಾರದಂಥ ಒಂದು ದನಿ ಬಂತು. ಹಳೆಯ ದನಿ, ಬಳಸದೆ ಇಟ್ಟ ಸೀರೆಯ ಮಡಿಕೆಯಂತೆ ಅಲ್ಲಲ್ಲಿ ಗೆರೆ ಬಿದ್ದ ದನಿ. "ತವರಿಗೆ ಅಂತ ಸುಳ್ಳು ಹೇಳಿ ರೈಲು ನೋಡೋಕೆ ಹೋದೆ, ಕಂಬಿ ಪಕ್ಕ ಬುತ್ತಿ ಬಿಚ್ಚಿ ಒಬ್ಬಳೇ ಕೂತೆ." ಹಾಡು ಯಾರದೂ ಅಲ್ಲ, ಅವಳದೇ. ಎಲೆ ಹಚ್ಚುತ್ತಾ ಕಟ್ಟಿಕೊಂಡದ್ದು. ಮೂರು ಬಸ್ಸು ಬದಲಿಸಿ ಹೋಗಿದ್ದಳಂತೆ. ಸಂಜೆಯ ತನಕ ಕಾದ ಮೇಲೆ ರೈಲು ಬಂದು, ಅದರ ಕಿಟಕಿಯಲ್ಲಿ ಒಬ್ಬಳು ಹೆಂಗಸು ಇವಳಿಗೆ ಕೈ ಬೀಸಿದಳಂತೆ. ಮನೆಗೆ ಬಂದು ನನಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳಂತೆ, ನಾನು ಅವತ್ತು ಯಾವುದೋ ಕಥೆ ಹೇಳುತ್ತಿದ್ದೆನಂತೆ. ಆಮೇಲೆ ಇನ್ನೊಂದು ನುಡಿ: ಹಲ್ಲಿ ಬಿದ್ದ ಹಾಲು ಕುಡಿದು, ಏನೇ ಇವತ್ತು ಹಾಲು ಇಷ್ಟು ರುಚಿ ಎಂದು ಇನ್ನೊಂದು ಲೋಟ ಕೇಳಿದ ಯಜಮಾನ. ಆ ಯಜಮಾನ ನಾನೇ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕರೆಂದರೆ ಅವರೂ ಕೇಳುತ್ತಿದ್ದಾರೆ. ದನಿ ದಾರದಷ್ಟಿದ್ದದ್ದು ಹಗ್ಗದಷ್ಟಾಯಿತು.

ಅವ್ವ ಸತ್ತ ದಿನದ ನುಡಿ ಬಂದಾಗ ನನ್ನ ಮನಸ್ಸು ಜಾರಿತು. ಮಣ್ಣು ಮಾಡಿ ಬಂದವಳು ಸ್ನಾನ ಮಾಡಿ, ನನ್ನ ಕಥೆ ಕೇಳಲು ಬಂದು ಕೂತಿದ್ದ ನಾಲ್ವರಿಗೆ ಕಾಫಿ ಕೊಟ್ಟಳಂತೆ. ನಾನು ಅವತ್ತು ಯಾವ ಕಥೆ ಹೇಳುತ್ತಿದ್ದೆ ಎಂದು ನೆನೆಯಲು ಹೋದೆ. ಮನಸ್ಸು ಹೋಯಿತು, ಹಾಡು ಇನ್ನು ನಿಂತೇ ಹೋಯಿತು ಎಂದು ನನಗೆ ಗಾಬರಿಯಾಯಿತು. ಹಾಡು ನಿಲ್ಲಲಿಲ್ಲ. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ, ಆದರೆ ಹಿಂದೆ ಮುಕ್ಕಳಿಸುವ ಸದ್ದಿಲ್ಲ, ಗುಸುಗುಸು ಇಲ್ಲ. ಇಸ್ಮಾಯಿಲ್ ಸಾಬರ ಅಂಗಡಿಯಲ್ಲಿ ಕತ್ತಿಯ ಸದ್ದೂ ನಿಂತಿತ್ತು. ನಾನು ಬಿಟ್ಟ ತುದಿಯನ್ನು ಬೇರೆ ಯಾರೋ ಹಿಡಿದಿದ್ದರು. ನಾನು ಮತ್ತೆ ಹಿಡಿದುಕೊಂಡೆ.

ಹಾಡು ಮುಗಿಯಿತು. ದೇವೀರಮ್ಮನ ಕೊರಳ ನರ ಇನ್ನೂ ಮಿಡಿಯುತ್ತಿತ್ತು. ಅವಳು ಜನರ ಕಡೆ ನೋಡಲಿಲ್ಲ. ನನ್ನ ಮುಖದ ಹತ್ತಿರಕ್ಕೆ ಬಗ್ಗಿದಳು.

"ಬಂತಾ?" ಅಂದಳು.

ಆ ಒಂದು ಮಾತಿನಿಂದ ಊರಿಗೆ ಎಲ್ಲವೂ ಗೊತ್ತಾಯಿತು. ಬೇರೆ ಏನೂ ಹೇಳಬೇಕಾಗಲಿಲ್ಲ. ಗವಿಯಪ್ಪ ಅಗಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದ ಮೆಣಸನ್ನು ಅಂಗೈಗೆ ತೆಗೆದುಕೊಂಡು ಅದನ್ನೇ ನೋಡುತ್ತಾ ನಿಂತ. ಟೀಚರು ಕತ್ತಿನ ಮಫ್ಲರ್ ಬಿಚ್ಚಿದರು. ಬಂತು ದೇವೀರಕ್ಕ ಎಂದು ಹಿಂದಿನಿಂದ ಯಾರೋ ಕೂಗಿ, ಕೂಗಿದರೆ ಪ್ರಯೋಜನವಿಲ್ಲ ಎಂದು ಅರ್ಥವಾಗಿ ಅರ್ಧಕ್ಕೇ ಸುಮ್ಮನಾದರು.

ನಾನು ಹೇಳಬೇಕೆಂದು ಬಾಯಿ ತೆರೆದೆ. ಬಂತು ಕಣೇ, ಕೆರೆಯ ತನಕ ಬಂತು ಎಂದು ಹೇಳಬಹುದಿತ್ತು. ಇಂಥ ಕಡೆ ನನ್ನ ಬಾಯಿಗೆ ಎಂದೂ ಬರ ಬಂದಿರಲಿಲ್ಲ. ಬಾಯಿ ಮುಚ್ಚಿದೆ. ತಲೆಯಾಡಿಸಿದೆ, ಬಹಳ ಸಲ. ಅವಳು ನಂಬಲೋ ಬೇಡವೋ ಎಂದು ನನ್ನ ಮುಖವನ್ನು ಹುಡುಕಿದಳು. ಅಲ್ಲಿ ಕಥೆ ಏನೂ ಸಿಗಲಿಲ್ಲವೆಂದು ಕಾಣುತ್ತದೆ, ಅವಳ ಕಣ್ಣು ತುಂಬಿತು. ನಾನು ಒಂದು ಬೆರಳು ಎತ್ತಿ ತೋರಿಸಿದೆ, ಇನ್ನೊಂದು ಎಂದು.

ಸಾಲು ಮುರಿಯಿತು. ಮೊದಲು ಗವಿಯಪ್ಪ ಬಂದು ನನ್ನ ಪಕ್ಕದಲ್ಲಿ ಪಂಚೆ ಮಡಚಿ ಕೂತ. ಆಮೇಲೆ ಟೀಚರು, ಸಾಬರು, ಒಬ್ಬೊಬ್ಬರಾಗಿ ಎಲ್ಲರೂ ರಸ್ತೆಯಲ್ಲೇ ಕೂತರು. ದೇವೀರಮ್ಮ ಕೂತವರನ್ನೆಲ್ಲ ಒಮ್ಮೆ ನೋಡಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಳು. ಎರಡನೆಯ ಹಾಡು ಯಾವುದರ ಮೇಲೆ ಎಂದು ನನಗೆ ಗೊತ್ತಿರಲಿಲ್ಲ. ಕೇಳುತ್ತಾ ಕೂತೆ.